ಕಾಕಾನ ಶನಿವಾರದ ಸಭೆ

ಇದು ನಡೆದದ್ದು ಕಳೆದ ವರ್ಷ, ಕಡಲೆ ಬಿತ್ತಿದಂದಿನಿಂದ ಕಡಲೆ ಕಿತ್ತು ಒಕ್ಕುವವರೆಗೆ. ಕುಡಿಯುವವರ ಮನೆಯಲ್ಲಿ ನಗೆಯ ಪ್ರಸಂಗಗಳು ನಡೆಯುತ್ತಿರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಕುಡಿತ ಬಿಡುವವರ ಮನೆಯಲ್ಲಿ ಅದಕ್ಕಿಂತ ಹೆಚ್ಚು ನಡೆಯುತ್ತವೆ ಎಂದು ನನಗೆ ಆ ಹಂಗಾಮಿನಲ್ಲಿ ತಿಳಿಯಿತು.

ಬಿಡಬೇಕಾದವನು ನಮ್ಮ ಕಾಕಾ, ಅಪ್ಪನ ತಮ್ಮ. ಊರು ಯರಗುಪ್ಪಿ. ಹೊಲದ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಸಂಜೆಯಾದ ಮೇಲೆ ಅವನನ್ನು ಎತ್ತಿ ಕೂರಿಸುವವರೂ ಇಲ್ಲ. ದೀಪಾವಳಿ ಮುಗಿದ ವಾರ ಅವನ ಹೆಂಡತಿ, ನಮ್ಮ ಚಿಗವ್ವ, ಬ್ಯಾಗು ತುಂಬಿಕೊಂಡು ತವರೂರು ಶಲವಡಿಗೆ ಹೋದಳು. ಜಗಳ ಮಾಡಿ ಹೋಗಿದ್ದರೆ ಕಾಕಾ ಹೆದರುತ್ತಿರಲಿಲ್ಲ. ಅವಳು ಬುಟ್ಟಿ ತುಂಬ ಖಡಕ್ ರೊಟ್ಟಿ ಬಡಿದಿಟ್ಟು, "ಎಂಟು ದಿನಕ್ಕ ಸಾಕಾಗ್ತಾವ" ಎಂದಷ್ಟೇ ಹೇಳಿದ್ದಳು.

ರೊಟ್ಟಿ ತೀರಿದ ಮರುದಿನ ಕಾಕಾ ಕುಂದಗೋಳಕ್ಕೆ, ನಾನು ಕೆಲಸ ಮಾಡುವ ಮಣ್ಣು ಪರೀಕ್ಷೆಯ ಅಂಗಡಿಗೆ ಬಂದ.

"ತಮ್ಮಾ, ನಿಮ್ಮ ಚಿಗವ್ವ ಹೊಳ್ಳಿ ಬರಬೇಕು. ಕುಡ್ಯಾದು ಬಿಡೋ ಮಂದಿದು ಒಂದು ಸಭಾ ನಡೀತೈತಂತಲ್ಲ. ಅದು ಎಲ್ಲೈತಿ ಹುಡುಕು."

ಮುಂದಿನದನ್ನು ಕಾಕಾನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

೧. ವಿಳಾಸ

ನಾನು ಕ್ರಮವಾಗಿ ಹುಡುಕಿದೆ. ಮೊದಲು ಫೋನಿನಲ್ಲಿ ನೋಡಿದೆ. ಅದು ಬೆಂಗಳೂರಿನ ವಿಳಾಸ ತೋರಿಸಿತು. ಆಸ್ಪತ್ರೆಯಲ್ಲಿ ಕೇಳಿದೆ, "ಐತಿ ಅಂತ ಕೇಳೇವಿ" ಅಂದರು. ಔಷಧ ಅಂಗಡಿಯಲ್ಲಿ ಕೇಳಿದೆ, ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಸಣ್ಣ ವಯಸ್ಸಿಗೇನ್ರಿ?" ಅಂದರು.

ಕೊನೆಗೆ ಕಾಕಾ, "ಬಾರಿಗೆ ಹೋಗೂಣು ನಡಿ" ಅಂದ.

"ಕಾಕಾ!"

"ಕುಡ್ಯಾಕಲ್ಲೋ ಮಾರಾಯ, ಕೇಳಾಕ."

ಬಸ್ ನಿಲ್ದಾಣದ ಬಾಜುವಿನ ಬಾರಿನಲ್ಲಿ ಗಲ್ಲೆಯ ಮೇಲೆ ದುಡ್ಡು ಎಣಿಸುತ್ತ ಕೂತವರು ಕಾಕಾನನ್ನು ಕಂಡು ಎದ್ದು ನಿಂತರು. ಕಾಕಾ ವಿಷಯ ಹೇಳಿದ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

"ಹಳೇ ಹತ್ತಿ ಗೋದಾಮು ಐತಲ್ಲ, ಅದರ ಮಗ್ಗಲ ಖೋಲ್ಯಾಗ. ಶನಿವಾರ ಸಂಜಿಕ ಆರಕ್ಕ. ಲಗೂನ ಹೋಗ್ರಿ, ಮಾಸ್ತರು ತಡಾ ಆದ್ರ ಸಿಟ್ಟಾಗ್ತಾರ."

"ನಿಮಗ ಹೆಂಗ ಗೊತ್ತಾತ್ರಿ?" ಎಂದು ನಾನು ಕೇಳಿದೆ.

"ನಮ್ಮ ಗಿರಾಕಿ ಎಲ್ಲಿಗೆ ಹೋಗ್ಯಾರಂತ ನಮಗ ಗೊತ್ತಿರಬ್ಯಾಡೇನ್ರಿ?"

ನಾವು ಹೊರಟಾಗ ಅವರು ಕಾಕಾನಿಗೆ ಕೈ ಮುಗಿದರು. "ಹೋಗಿ ಬರ್ರಿ. ಚಲೋ ಆಗಲಿ. ಆಗಲಿಲ್ಲಂದ್ರ ನಾವಂತೂ ಅದೇವಿ."

೨. ಹೆಸರು ಬೇಡ

ಖೋಲಿಯಲ್ಲಿ ಹತ್ತು ಹನ್ನೆರಡು ಪ್ಲಾಸ್ಟಿಕ್ ಖುರ್ಚಿಗಳು, ಒಂದು ನೀರಿನ ಕ್ಯಾನು. ಸಭೆ ನಡೆಸುವವರು ನಿವೃತ್ತ ಗಣಿತದ ಮಾಸ್ತರರು. ಅವರೂ ಹಿಂದೊಮ್ಮೆ ಕುಡಿದು ಬಿಟ್ಟವರೇ. ಮನೆಯವರು ಜೊತೆಗೆ ಬಂದರೆ ಬಾಗಿಲ ಬಳಿ ಕೂರಬಹುದು ಎಂದು ನನಗೂ ಒಂದು ಖುರ್ಚಿ ಕೊಟ್ಟರು.

ಮಾಸ್ತರರು ನಿಯಮ ಹೇಳಿದರು. "ಇಲ್ಲಿ ಯಾರೂ ಯಾರ ಹೆಸರೂ ಕೇಳಂಗಿಲ್ಲ. ನಾವು ಯಾರಂತ ಯಾರಿಗೂ ಗೊತ್ತಾಗಬಾರದು. ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗಬೇಕು. ತಿಳೀತಲ್ರಿ?"

"ತಿಳೀತ್ರಿ" ಎಂದು ಕಾಕಾ ಕೂತ.

ಬಾಜುವಿನಲ್ಲಿ ಕೂತಿದ್ದ ಗುಡಗೇರಿಯ ಕಾಳಿನ ವ್ಯಾಪಾರಿ ಕಾಕಾನ ಕಡೆ ಬಾಗಿದರು. "ಹೆಸರು ಬ್ಯಾಡ್ರಿ. ಊರು ಯಾವುದು?"

"ಯರಗುಪ್ಪಿ."

"ಯರಗುಪ್ಪ್ಯಾಗ ಯಾರ ಪೈಕಿ?"

ಕಾಕಾ ಮನೆತನ ಹೇಳಿದ.

"ಅಂದ್ರ ಕೆರಿ ದಂಡಿ ಮ್ಯಾಲಿನ ಮನಿಯವ್ರು? ಹಿರಿಯರಲ್ಲ, ಸಣ್ಣವರು?"

"ಹೌದ್ರಿ, ಸಣ್ಣವ."

"ಹಂಗಾದ್ರ ನೀವು ಶಲವಡಿ ಅಳಿಯಂದಿರು! ನಿಮ್ಮ ಮದವಿಗೆ ಬಂದಿದ್ದೆನಲ್ರಿ. ಅವತ್ತ ಬುಂದೆ ಕಡಿಮಿ ಬಿದ್ದಿತ್ತು."

ಇದನ್ನು ಕೇಳಿ ಹಿಂದಿನ ಖುರ್ಚಿಯವರು ಬಾಗಿ, ಶಲವಡಿಯಲ್ಲಿ ತಮ್ಮ ಸೋದರತ್ತೆಯನ್ನು ಕೊಟ್ಟ ಮನೆಯ ವಿಷಯ ತೆಗೆದರು. ಆ ಮನೆಗೂ ಚಿಗವ್ವನ ತವರುಮನೆಗೂ ನಡುವೆ ಒಂದೇ ಗೋಡೆ. ಅಲ್ಲಿಂದ ಮಾತು ನವಲಗುಂದದ ಬೀಗರಿಗೆ ಹೋಯಿತು. ಚಹಾ ಬರುವ ಹೊತ್ತಿಗೆ ಕಾಕಾನಿಗೆ ಆ ಖೋಲಿಯಲ್ಲಿ ಇಬ್ಬರು ಮಾವಂದಿರು, ಒಬ್ಬ ಅಳಿಯ ಸಿಕ್ಕಿದ್ದರು.

ಮಾಸ್ತರರು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ವಾಪಸು ಬರುವಾಗ ಬೈಕಿನ ಹಿಂದೆ ಕೂತ ಕಾಕಾ ನನ್ನ ಹೆಗಲು ತಟ್ಟಿದ. "ಅಷ್ಟು ಕೇಳಿದ್ರೂ ಹೆಸರು ಹೇಳಲಿಲ್ಲ ನೋಡು. ನಿಯಮ ಅಂದ್ರ ನಿಯಮ."

೩. ಹಾಜರಿ

ಎರಡನೆಯ ಶನಿವಾರ ಕಾಕಾ ಸಭೆಗೆ ಕುಡಿದು ಬಂದ.

ನಾನು ಅಂಗಡಿಯಿಂದ ನೇರವಾಗಿ ಹೋಗಿದ್ದೆ. ಅವನು ಬಸ್ಸಿಗೆ ಬಂದಿದ್ದ. ಬಾಗಿಲಲ್ಲಿ ಗೋಡೆ ಹಿಡಿದು ನಿಂತು, "ಸರ, ತಪ್ಪಿಸಬಾರದಂತ ಬಂದೇನ್ರಿ" ಅಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಿಗವ್ವನಿಗೆ ಈ ಸುದ್ದಿ ಮುಟ್ಟಿದರೆ ಅಲ್ಲಿಗೆ ಮುಗಿಯಿತು.

ಮಾಸ್ತರರು ಎದ್ದು ಅವನ ಕೈ ಹಿಡಿದು ಖುರ್ಚಿಯಲ್ಲಿ ಕೂರಿಸಿದರು. "ಬಂದದ್ದು ಭಾಳ ಚಲೋ ಆತು. ಇವತ್ತು ನೀವು ಮಾತಾಡಬ್ಯಾಡ್ರಿ, ಬರೇ ಕೇಳ್ರಿ. ಏನೇನು ಕೇಳಿದ್ರಿ ಅಂತ ಮುಂದಿನ ವಾರ ನಮಗ ಹೇಳಬೇಕು."

ಮುಂದಿನ ವಾರ ಕಾಕಾ ಶುದ್ಧವಾಗಿ ಬಂದ. ಸ್ನಾನ ಮಾಡಿ, ಬಿಳಿ ಅಂಗಿ ಹಾಕಿದ್ದ. ಎಲ್ಲರೂ ಅವನ ಕಡೆ ತಿರುಗಿದರು.

"ಹೇಳ್ರಿ. ಹೋದ ಶನಿವಾರ ಇಲ್ಲಿ ಏನ್ ನಡೀತು?"

ಕಾಕಾ ಅಂಗಿ ಸರಿ ಮಾಡಿಕೊಂಡು ಎದ್ದು ನಿಂತ. "ಒಂದೂ ನೆನಪಿಲ್ಲ್ರಿ ಸರ."

"ಶಾಬಾಸ್" ಅಂದರು ಮಾಸ್ತರರು. "ಇವತ್ತಿನ ಪಾಠ ಇಷ್ಟೇ. ಚಹಾ ತರಸ್ರಿ."

೪. ಬಾಳೆಹಣ್ಣು

ಅಲ್ಲಿ ಪ್ರತಿಯೊಬ್ಬರೂ ಸರದಿಯ ಮೇಲೆ ತಮ್ಮ ಕಥೆ ಹೇಳಬೇಕು. ಹೇಗೆ ಶುರುವಾಯಿತು, ಏನು ಹಾಳಾಯಿತು, ಈಗ ಹೇಗಿದ್ದೇನೆ. ಕಾಕಾನ ಸರದಿ ಬಂತು. ಅವನಿಗೆ ಮೊದಲನೆಯ ಭಾಗವೇ ಚೆನ್ನಾಗಿ ಗೊತ್ತಿತ್ತು.

"ಅವತ್ತ ಸರ, ರಾಶಿ ಮುಗದಿತ್ತು. ಮಳಿ ಹನಿ ಹಾಕಾಕತ್ತಿತ್ತು. ಆಲದ ಗಿಡದ ಬುಡಕ ಕುಂತಿದ್ವಿ. ಪ್ಯಾಪರ ಮ್ಯಾಲ ಬಿಸಿ ಬಿಸಿ ಮಿರ್ಚಿ ಭಜಿ, ಇನ್ನೂ ಎಣ್ಣಿ ಚುರುಗುಡತಿತ್ತು. ಬಾಜೂಕ ಚುರುಮರಿ, ಅದರಾಗ ಹಸಿ ಉಳ್ಳಾಗಡ್ಡಿ, ಸಣ್ಣಗ ಹೆಚ್ಚಿದ್ದು. ಮ್ಯಾಲ ಪುಠಾಣಿ ಹಿಟ್ಟು..."

ಖೋಲಿಯಲ್ಲಿ ಯಾರೂ ಅಲುಗಾಡಲಿಲ್ಲ. ಗುಡಗೇರಿಯ ವ್ಯಾಪಾರಿ ಕಣ್ಣು ಮುಚ್ಚಿದ್ದರು. ಆರು ವರ್ಷದ ಹಿಂದೆ ಬಿಟ್ಟವರೊಬ್ಬರು ಕೈವಸ್ತ್ರದಿಂದ ತುಟಿ ಒರೆಸಿಕೊಂಡರು.

ಮಾಸ್ತರರೇ ಎಚ್ಚೆತ್ತರು. "ಸಾಕ್ರಿ, ಸಾಕು! ಬಿಟ್ಟದ್ದನ್ನ ಹೇಳ್ರಿ ಅಂದ್ರ ಹಿಡದದ್ದನ್ನ ಹೇಳಾಕತ್ತೀರಿ."

ದುರ್ದೈವದಿಂದ ಅದೇ ಹೊತ್ತಿಗೆ ಚಹಾ ಬಂತು, ಜೊತೆಗೆ ಮಿರ್ಚಿ. ಸಭೆಯಲ್ಲಿ ಚಹಾದ ಜೊತೆ ಮಿರ್ಚಿ ಕೊಡುವುದು ಮೊದಲಿನಿಂದ ನಡೆದು ಬಂದದ್ದು. ಅವತ್ತು ಯಾರೂ ಪ್ಲೇಟಿಗೆ ಕೈ ಹಾಕಲಿಲ್ಲ. ಎಲ್ಲರೂ ಅದನ್ನು ನೋಡುತ್ತ ಕೂತರು.

ಮುಂದಿನ ವಾರದಿಂದ ಮಿರ್ಚಿ ಬಂದ್ ಆಯಿತು, ಬಾಳೆಹಣ್ಣು ಬಂತು. ಬಾಳೆಹಣ್ಣೇ ಯಾಕೆ ಎಂದು ಕೇಳಿದವರಿಗೆ ಮಾಸ್ತರರು, "ಇದರ ಜೋಡಿ ಯಾರಾದರೂ ಕುಡದದ್ದು ನೋಡೀರೇನು?" ಅಂದರು. ಯಾರೂ ನೋಡಿರಲಿಲ್ಲ.

೫. ಕನ್ಯಾ

ಕುಡಿದು ಬಂದ ಆ ವಾರದ ನಂತರ ಅವನನ್ನು ಒಬ್ಬನೇ ಬಸ್ಸಿಗೆ ಬಿಡದೆ ನಾನೇ ಕರೆದೊಯ್ಯುತ್ತಿದ್ದೆ. ಕಾಕಾ ಪ್ರತಿ ಶನಿವಾರ ಮಧ್ಯಾಹ್ನ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ, ನನ್ನ ಬೈಕಿನ ಹಿಂದೆ ಕೂತು ಕುಂದಗೋಳಕ್ಕೆ ಹೋಗುವುದನ್ನು ಊರು ನೋಡುತ್ತಿತ್ತು. ಹೆಂಡತಿ ತವರಿಗೆ ಹೋದ ಗಂಡಸು ಶನಿವಾರ ಶನಿವಾರ ತಯಾರಾಗಿ ಎಲ್ಲಿಗೆ ಹೋಗುತ್ತಾನೆ? ಕಟ್ಟೆಯ ಮೇಲೆ ಕೂತವರು ತಾವೇ ಉತ್ತರ ಕಂಡುಕೊಂಡರು: ಇನ್ನೊಂದು ಮದುವೆಗೆ ಹೆಣ್ಣು ನೋಡಲು.

ಆ ಸುದ್ದಿ ಶಲವಡಿಗೆ ಬೇಗ ಮುಟ್ಟಿತು. ಒಂದು ಬೆಳಿಗ್ಗೆ ಚಿಗವ್ವನ ತಮ್ಮ ಬಂದು ಕಾಕಾನ ಮನೆಯ ಪಡಸಾಲೆಯಲ್ಲಿ ನಿಂತ. ನಾನೂ ಅಲ್ಲೇ ಇದ್ದೆ. ಕೊಟ್ಟ ನೀರು ಮುಟ್ಟಲಿಲ್ಲ.

"ಮಾವಾರ, ಶನಿವಾರಕ್ಕೊಮ್ಮೆ ಕುಂದಗೋಳಕ್ಕ ಹೊಕ್ಕೀರಂತಲ್ಲ. ಯಾಕ?"

ಕಾಕಾ ನನ್ನ ಮುಖ ನೋಡಿದ. ಆಮೇಲೆ ಗಂಭೀರವಾಗಿ, "ಅದನ್ನ ಹೊರಗ ಹೇಳೂ ಹಂಗಿಲ್ಲಪಾ" ಅಂದ.

"ಹೇಳೂ ಹಂಗಿಲ್ಲ? ಯಾರ ಮನಿಗೆ ಹೊಕ್ಕೀರಿ?"

"ಮನಿ ಅಲ್ಲ. ಒಂದು ಖೋಲಿ."

"ಖೋಲಿ!"

"ಅಲ್ಲಿ ಇದ್ದವರ ಹೆಸರೂ ಕೇಳಬ್ಯಾಡ. ನನಗೂ ಗೊತ್ತಿಲ್ಲ."

ಚಿಗವ್ವನ ತಮ್ಮನ ಮುಖ ಕೆಂಪಾಯಿತು. ಇನ್ನು ಒಂದು ಮಾತಾದರೆ ಕೈ ಎತ್ತುವಂತಿದ್ದ. ನಾನು ನಡುವೆ ಬಂದು ಹೇಳಿಬಿಟ್ಟೆ. "ಮಾವಾ, ಅದು ಕುಡಿತ ಬಿಟ್ಟವರ ಸಭಾ. ಕಾಕಾ ಬಿಡಾಕ ಹೊಂಟಾನ. ಒಂದೇ ಸಮ ಐದು ವಾರ ಆತು, ಮುಟ್ಟಿಲ್ಲ."

ಅವನು ನನ್ನನ್ನು ನೋಡಿದ, ಕಾಕಾನನ್ನು ನೋಡಿದ, ಗೋಡೆಗೆ ಒರಗಿ ಕೂತು ನಗಲು ಶುರು ಮಾಡಿದ. ನೀರು ತೆಗೆದುಕೊಂಡು ಕುಡಿದ. ಮತ್ತೆ ನಕ್ಕ.

"ತಮ್ಮಾ, ಕನ್ಯಾ ನೋಡಾಕ ಹೋಗಿದ್ರು ಅಂದ್ರ ನಂಬತಿದ್ದೆ."

೬. ಜಾಮೀನು

ಆದರೂ ಅವನು ಊರಿಗೆ ಹೋಗಿ ಅಕ್ಕನಿಗೆ ಹೇಳಿದ. ಅವತ್ತು ಸಂಜೆ ಚಿಗವ್ವನ ಫೋನು ಬಂತು. ಕಾಕಾ ಅದನ್ನು ಸ್ಪೀಕರಿಗೆ ಹಾಕಿ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬಿಟ್ಟೇನಿ" ಅಂದ.

"ಇದು ಎಷ್ಟನೇ ಸರ್ತಿರಿ ಬಿಟ್ಟದ್ದು?" ಎಂದು ಚಿಗವ್ವ ಕೇಳಿದಳು. "ನಿಮ್ಮ ಬಾಯಿಲೆ ಕೇಳಿ ಕೇಳಿ ಸಾಕಾಗೇತಿ. ಊರಾಗಿನವರು ಹೇಳಲಿ, ಬರ್ತೇನಿ."

ಮರುದಿನ ಕಾಕಾ ಊರಲ್ಲಿ ಹೇಳುವವರನ್ನು ಹುಡುಕುತ್ತ ಹೊರಟ. ಕಿರಾಣಿ ಅಂಗಡಿಯವರು, "ನಾ ಹೇಳಿದ್ರ ಜಾಮೀನು ಆದಂಗ ಆಗತೈತಿ. ನಾಳೆ ನೀ ಕುಡದ್ರ ನಿನ್ನ ಹೆಂಡ್ತಿ ನನ್ನ ಅಂಗಡಿಗೆ ಬರ್ತಾಳ" ಅಂದರು. ಹಿರಿಯರೊಬ್ಬರು, "ಬೇಕಾದ್ರ ನಿನ್ನ ಎತ್ತಿಗೆ ಜಾಮೀನು ಆಗ್ತೇನಿ. ಅವು ಮಾತಿಗೆ ತಪ್ಪಂಗಿಲ್ಲ" ಅಂದರು. ಒಬ್ಬರೂ ಫೋನು ಮಾಡಲಿಲ್ಲ.

ಆ ದಿನ ಸಂಜೆ ಕಾಕಾ ಕುಡಿಯಬೇಕೆನ್ನಿಸಿ ಅಂಗಳದಲ್ಲಿ ಅತ್ತಿಂದಿತ್ತ ಓಡಾಡತೊಡಗಿದ. ಆಸೆ ತಡೆಯಲಾಗದಿದ್ದರೆ ಗುಂಪಿನ ಯಾರಿಗಾದರೂ ಫೋನು ಮಾಡಬೇಕೆಂದು ಮಾಸ್ತರರು ಹೇಳಿದ್ದರು. ಕಾಕಾ ಗುಡಗೇರಿಯ ವ್ಯಾಪಾರಿಗೆ ಮಾಡಿದ.

"ಭಾಳ ಆಗೇತ್ರಿ. ತಡಕೊಳ್ಳಾಕ ಆಗವಲ್ದು."

"ಅಯ್ಯ, ನಾನೂ ನಿಮಗ ಮಾಡಬೇಕಂತ ಫೋನ್ ಕೈಯಾಗ ಹಿಡಿದೇನಿ. ಭೇಟ್ಟಿ ಆಗೂಣ್ರಿ. ಎಲ್ಲಿ?"

ಇಬ್ಬರೂ ವಿಚಾರ ಮಾಡಿದರು. ಕುಂದಗೋಳಕ್ಕೆ ಇಬ್ಬರಿಗೂ ಬಸ್ಸಿತ್ತು. ಆದರೆ ಅಲ್ಲಿ ಇಬ್ಬರಿಗೂ ಗೊತ್ತಿದ್ದ ಜಾಗ, ಸಭೆಯ ಖೋಲಿ, ಶನಿವಾರ ಬಿಟ್ಟರೆ ಬೀಗ ಹಾಕಿರುತ್ತದೆ.

ನಾನು ಅಂಗಡಿ ಮುಚ್ಚಿ ಬರುವಾಗ ಅವರಿಬ್ಬರೂ ಬಸ್ ನಿಲ್ದಾಣದ ಬಾಜುವಿನ ಬಾರಿನ ಬೋರ್ಡಿನ ಕೆಳಗೆ ನಿಂತಿದ್ದರು. ನಾನು ಬೈಕು ಅಲ್ಲೇ ನಿಲ್ಲಿಸಿ ಓಡಿದೆ. ಹತ್ತಿರ ಹೋದರೆ ಇಬ್ಬರ ಕೈಯಲ್ಲೂ ಕಬ್ಬಿನ ಹಾಲಿನ ಗ್ಲಾಸು. ಗಲ್ಲೆಯ ಮೇಲಿದ್ದವರು ಒಳಗಿನಿಂದ ಕೂಗುತ್ತಿದ್ದರು. "ಹೊರಗ ಯಾಕ ನಿಂತೀರಿ, ಒಳಗ ಬರ್ರಿ. ಫ್ಯಾನ್ ಐತಿ."

"ಬ್ಯಾಡ್ರಿ" ಎಂದು ಕಾಕಾ ಕೂಗಿದ. "ನಾವು ಕುಡಿತ ಬಿಡಾಕ ಬಂದೇವಿ."

ಶನಿವಾರ ಮಾಸ್ತರರು ಕೈ ಮುಗಿದು ಕೇಳಿದರು. "ಇಡೀ ಕುಂದಗೋಳದಾಗ ನಿಮಗ ಬ್ಯಾರೆ ಜಾಗಾ ಸಿಗಲಿಲ್ಲೇನ್ರಿ?"

"ಸರ, ನಮ್ಮಿಬ್ಬರಿಗೂ ದಾರಿ ಕೇಳದೆ ಮುಟ್ಟೂ ಜಾಗಾ ಅದೊಂದೇ" ಅಂದ ಕಾಕಾ.

೭. ಶುಭ ಕೋರುವವರು

ಕಾಕಾನ ಹಳೆಯ ಗೆಳೆಯರ ಗುಂಪೊಂದಿತ್ತು. ಅವನ ಜೊತೆ ಕೂತು ಕುಡಿಯುತ್ತಿದ್ದವರು. ಚಿಗವ್ವ ಊರು ಹೇಳಬೇಕು ಅಂದಿದ್ದಾಳೆ, ಊರು ಹೇಳುತ್ತಿಲ್ಲ ಎಂಬ ಸಂಗತಿ ಅವರ ಕಿವಿಗೆ ಬಿತ್ತು. ಅವರಿಗೆ ಕೆಟ್ಟನಿಸಿತು. ಫೋನು ಮಾಡಿ ಹೇಳಿದರೆ ಅವರ ಮಾತನ್ನು ಚಿಗವ್ವ ನಂಬುವುದಿಲ್ಲ. ಆದರೆ ನಮ್ಮ ಕಡೆ ಊರು ಒಂದು ಮಾತು ಹೇಳಬೇಕೆಂದರೆ ಅದಕ್ಕೊಂದು ಪದ್ಧತಿ ಇದೆ. ಹುಟ್ಟುಹಬ್ಬವಿರಲಿ, ಸೊಸೈಟಿಯ ಚುನಾವಣೆ ಗೆದ್ದಿರಲಿ, ಸೈನ್ಯದಿಂದ ರಜೆಗೆ ಬಂದಿರಲಿ, ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಬೀಳುತ್ತದೆ.

ಒಂದು ಬೆಳಿಗ್ಗೆ ಯರಗುಪ್ಪಿ ಬಸ್ ನಿಲ್ದಾಣದಲ್ಲಿ ಆಳೆತ್ತರದ ಕಾಕಾ ನಿಂತಿದ್ದ.

"ಕುಡಿತಕ್ಕೆ ವಿದಾಯ ಹೇಳಿದ ನಮ್ಮೂರ ಹೆಮ್ಮೆಯ ಪುತ್ರನಿಗೆ ಹಾರ್ದಿಕ ಅಭಿನಂದನೆಗಳು" ಎಂದು ಮೇಲೆ ಬರೆದಿತ್ತು. ಕಾಕಾನದು ಎಂದು ಅವರ ಹತ್ತಿರ ಇದ್ದದ್ದು ಒಂದೇ ಫೋಟೋ, ಯಾರದೋ ಮನೆಯ ವಾಸ್ತುಶಾಂತಿಯ ರಾತ್ರಿ ತೆಗೆದದ್ದು. ಅದರಲ್ಲಿ ಕೈಯಲ್ಲಿ ಗ್ಲಾಸಿತ್ತು. ಫ್ಲೆಕ್ಸ್ ಅಂಗಡಿಯವನು ಗ್ಲಾಸು ತೆಗೆದು ಅಲ್ಲಿ ಗುಲಾಬಿ ಹೂವಿನ ಗುಚ್ಛ ಕೂರಿಸಿದ್ದ. ಕೈ ಮಾತ್ರ ಇದ್ದಲ್ಲೇ ಇತ್ತು. ಕಾಕಾ ಗುಚ್ಛವನ್ನು ತುಟಿಗೆ ಹಿಡಿದು, ಕತ್ತು ಹಿಂದಕ್ಕೆ ಹಾಕಿ, ಅದನ್ನು ಒಂದೇ ಗುಟುಕಿಗೆ ಮುಗಿಸುವವನಂತೆ ಕಾಣುತ್ತಿದ್ದ.

ಕಾಕಾ ಗಾಬರಿಯಾಗಿ ಗೆಳೆಯರ ಹತ್ತಿರ ಹೋದ. "ಲೇ, ಏನ್ ಮಾಡೀರ್ಲೇ? ಯಾರಿಗೂ ಗೊತ್ತಾಗಬಾರದಂತ ನಮ್ಮ ಸಭಾದ ನಿಯಮ ಐತಿ!"

"ನಿಯಮ ನಮಗೂ ಗೊತ್ತೈತಿ ಬಿಡಲೇ" ಎಂದು ಅವರಲ್ಲೊಬ್ಬ ಸಮಾಧಾನ ಮಾಡಿದ. "ಅದಕ್ಕ ಹೆಸರು ಹಾಕಿಸಿಲ್ಲ."

ನಾನು ಅದರ ಫೋಟೋ ತೆಗೆದು ಮಾಸ್ತರರಿಗೆ ತೋರಿಸಿದೆ. ಗುಂಪಿನಿಂದ ಕಾಕಾನನ್ನು ತೆಗೆದುಹಾಕುತ್ತಾರೋ ಎಂದು ನನಗೆ ಭಯವಿತ್ತು. ಅವರು ಕನ್ನಡಕ ಏರಿಸಿ, ಇಳಿಸಿ, ನೋಡಿದರು. "ಇನ್ನ ನಿಮ್ಮ ಕಾಕಾ ಕುಡದ್ರ ಫ್ಲೆಕ್ಸ್ ಎದುರಿಗೆ ಹಾದು ಹೋಗಬೇಕು" ಅಂದರು. "ಇಷ್ಟು ದೊಡ್ಡ ಔಷಧ ನಮ್ಮ ಹತ್ರ ಇಲ್ಲ. ಇರಲಿ ಬಿಡ್ರಿ."

ಫೋಟೋ ಶಲವಡಿಗೂ ಹೋಯಿತು. ಎರಡನೆಯ ದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದು ಚಿಗವ್ವ ಫೋನು ಮಾಡಿದಳು. ಮನೆಗೆ ಬರುತ್ತೇನೆ ಎನ್ನಲಿಲ್ಲ. "ನೋಡಾಕ ಬರ್ತೇನಿ" ಅಂದಳು.

ಕಾಕಾ, ನಾನು ನಿಲ್ದಾಣದಲ್ಲಿ ನಿಂತೆವು. ಕಾಕಾ ಎರಡು ಸಲ ಮುಖ ತೊಳೆದುಕೊಂಡ. ಚಿಗವ್ವ ಬಸ್ಸಿನಿಂದ ಇಳಿದಳು. ಬ್ಯಾಗು ಕೈಯಲ್ಲೇ ಇತ್ತು. ಕಾಕಾನ ಹತ್ತಿರ ಬಂದು ಮೊದಲು ಅವನ ಉಸಿರಿನ ವಾಸನೆ ನೋಡಿದಳು. ಏನೂ ಇರಲಿಲ್ಲ. ಆಮೇಲೆ ಫ್ಲೆಕ್ಸಿನ ಕಡೆ ತಿರುಗಿದಳು.

ಮೇಲಿನ ಸಾಲು ಓದಿದಳು. ಗುಲಾಬಿ ಗುಚ್ಛ ನೋಡಿದಳು. ಕೆಳಗೆ "ಶುಭ ಕೋರುವವರು" ಎಂದು ಬರೆದಲ್ಲಿ ಸಾಲಾಗಿ ಅಂಟಿಸಿದ್ದ ಸಣ್ಣ ಸಣ್ಣ ಫೋಟೋಗಳಿಗೆ ಬಂದಳು. ಒಂದೊಂದೇ ಮುಖ ನೋಡುತ್ತ ಹೋದಳು. ಅವರೆಲ್ಲ ಅವಳಿಗೆ ಗೊತ್ತಿದ್ದವರೇ. ಅವರಲ್ಲಿ ಯಾರಾದರೂ ಇಬ್ಬರು ಕಾಕಾನ ಎರಡೂ ರಟ್ಟೆ ಹಿಡಿದು ಮನೆಗೆ ತಂದು ಬಿಡದ ವಾರವಿರಲಿಲ್ಲ.

"ಇವರೆಲ್ಲಾ ಯಾವಾಗ ಬಿಟ್ಟರು?" ಎಂದು ಕೇಳಿದಳು.

"ಇವರೆಲ್ಲಿ ಬಿಟ್ಟಾರ?" ಅಂದ ಕಾಕಾ. "ಇವರು ಬರೇ ಶುಭ ಕೋರ್ಯಾರ."

ಚಿಗವ್ವ ನಗಬಾರದೆಂದು ಸೆರಗು ಬಾಯಿಗೆ ಹಿಡಿದಳು. ತಡೆಯಲಾಗಲಿಲ್ಲ. ಅಲ್ಲೇ ನಿಲ್ದಾಣದ ಕಟ್ಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅದು ನಗುವೋ ಅಳುವೋ ಕಾಕಾನಿಗೆ ತಿಳಿಯಲಿಲ್ಲ. ಕೊನೆಗೆ ಅವಳು ಕಣ್ಣೊರೆಸಿಕೊಂಡು ಬ್ಯಾಗು ಅವನ ಕೈಗೆ ಕೊಟ್ಟಳು. "ನಡೀರಿ. ಮನ್ಯಾಗ ಹಿಟ್ಟರ ಐತೋ ಇಲ್ಲೋ?"

ಅದೇ ಸಂಜೆ ಅವಳು ಫ್ಲೆಕ್ಸಿನಲ್ಲಿದ್ದವರ ಮನೆಗಳಿಗೆ ಹೋಗಿ ಬಂದಳು. ಗಂಡಸರ ಜೊತೆ ಮಾತಾಡಲಿಲ್ಲ. ಹೆಂಗಸರನ್ನು ಹಿತ್ತಲಿಗೆ ಕರೆದು, "ನಿಮ್ಮವರು ನಮ್ಮವರಿಗೆ ಶುಭ ಕೋರ್ಯಾರ, ಭಾಳ ಚಲೋ ಆತು. ಮುಂದಿನ ಫ್ಲೆಕ್ಸ್ ನಿಮ್ಮವರದ ಆಗಲಿ" ಎಂದಷ್ಟೇ ಹೇಳಿದಳಂತೆ. ಆ ರಾತ್ರಿ ಕೆಲವು ಮನೆಗಳಲ್ಲಿ ರೊಟ್ಟಿ ಬಡಿಯಲಿಲ್ಲ ಎಂದು ಮರುದಿನ ತಿಳಿಯಿತು.

ಶನಿವಾರ ಆರಕ್ಕೆ ಹತ್ತಿ ಗೋದಾಮಿನ ಮುಂದೆ ಒಂದು ಟಂಟಂ ರಿಕ್ಷಾ ಬಂದು ನಿಂತಿತು. ಅದರಿಂದ ಇಳಿದವರೆಲ್ಲರೂ ಗಡ್ಡ ಬೋಳಿಸಿದ್ದರು, ಇಸ್ತ್ರಿ ಅಂಗಿ ಹಾಕಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಾಸ್ತರರು ಬಾಗಿಲಿಗೆ ಬಂದು, "ಯಾವೂರಿನ ಬೀಗರ್ರಿ ಇವರು?" ಎಂದು ಕೇಳಿದರು. ಚಹಾದವನಿಗೆ ಇನ್ನೊಂದು ಡಜನ್ ಬಾಳೆಹಣ್ಣು ತರಲು ಹೇಳಿದರು. ಖುರ್ಚಿ ಸಾಲಲಿಲ್ಲ, ಕಾಕಾ ತನ್ನದನ್ನು ಬಿಟ್ಟುಕೊಟ್ಟು ನನ್ನ ಹತ್ತಿರ ಬಾಗಿಲಲ್ಲಿ ನಿಂತ.

ಫ್ಲೆಕ್ಸಿನಲ್ಲಿ ಶುಭ ಕೋರಿದವರು ಹನ್ನೊಂದು ಮಂದಿ. ಅವತ್ತು ಬಂದವರು ಒಂಬತ್ತು.